ಕ್ಯಾಲ್ಕುಲಸ್ ಮೇಡ್ ಈಸಿ

ಕಲನಶಾಸ್ತ್ರದ ಆರಂಭಿಕ ಪಠ್ಯ. ಕರ್ತೃ ಸಿಲ್ವೇನಸ್ ಥಾಂಪ್ಸನ್ (1851–1916), ಲಂಡನ್ನಿನ ಫಿನ್ಸ್‌ಬರಿ ಟೆಕ್ನಿಕಲ್ ಕಾಲೇಜಿನ ಪ್ರಾಂಶುಪಾಲರು. 1910ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ ಕಲಿಸಿದ್ದ ಜಾನ್ ಪೆರಿ 1897ರಲ್ಲೇ ಎಂಜಿನಿಯರುಗಳಿಗೆಂದು ಇಂಥದೊಂದು ಪುಸ್ತಕ ಬರೆದಿದ್ದರು. ಥಾಂಪ್ಸನ್ ಮಿತಿಯ ವ್ಯಾಖ್ಯೆಯನ್ನು ಬದಿಗಿಟ್ಟು ಅತಿ ಸಣ್ಣ ಹೆಚ್ಚಳಗಳಿಂದ ಅವಕಲನ ಕಲಿಸುತ್ತಾರೆ. ಉದಾಹರಣೆಗೆ, 10 ಸೆಂ.ಮೀ. ಚೌಕದ ಬದಿ 0.01 ಸೆಂ.ಮೀ. ಬೆಳೆದರೆ ವಿಸ್ತೀರ್ಣ 0.2001 ಚದರ ಸೆಂ.ಮೀ. ಹೆಚ್ಚುತ್ತದೆ: 0.2 ಎರಡು ಅಂಚುಪಟ್ಟಿಗಳದು, 0.0001 ಮೂಲೆಯ ಚೂರಿನದು. ಚೂರನ್ನು ಕೈಬಿಟ್ಟರೆ ಬದಲಾವಣೆಯ ದರ 20, ಅಂದರೆ ಬದಿಯ ಇಮ್ಮಡಿ. ಹಾಗೆ ಕೈಬಿಡುವುದು ಹೇಗೆ ಸರಿ ಎಂಬುದಕ್ಕೆ ಇಲ್ಲಿ ಗಟ್ಟಿ ಸಮರ್ಥನೆಯಿಲ್ಲ. ವರ್ಕ್‌ಶಾಪಿನ ಅಳತೆಗೆ ಒಗ್ಗಿದವರನ್ನು ಅದು ಅಷ್ಟಾಗಿ ಕಾಡುವುದೂ ಇಲ್ಲವೆನ್ನಿ. 1998ರ ಪರಿಷ್ಕರಣೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಫಲನ, ಮಿತಿಗಳ ಅಧ್ಯಾಯಗಳನ್ನು ಆರಂಭಕ್ಕೆ ಸೇರಿಸಿದರು.