ಎಡೆಯೂರಿನಿಂದ ಅಮೃತೂರಿಗೆ, ಮಾರ್ಕೋನಹಳ್ಳಿ ಏರಿಯ ಮೇಲೆ

ಎಡೆಯೂರಿನಲ್ಲಿ ಬಸ್ಸಿಳಿದವರೆಲ್ಲ ನೇರ ಸಿದ್ಧಲಿಂಗೇಶ್ವರನ ಗುಡಿಗೆ ಹೋಗುತ್ತಾರೆ. ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು, ಬಂದ ಹೆದ್ದಾರಿಯಲ್ಲೇ ವಾಪಸಾಗುತ್ತಾರೆ. ಬೆಂಗಳೂರು–ಮಂಗಳೂರು ರಸ್ತೆ ಅಷ್ಟು ಹತ್ತಿರವಿರುವಾಗ ಬೇರೆ ದಾರಿ ಯಾರಿಗೆ ನೆನಪಾಗಬೇಕು? ಆದರೆ ಇಲ್ಲಿಂದ ಅಮೃತೂರಿಗೆ ನಡೆದೇ ಹೋಗಬಹುದು. ಹೊಲದ ಬದು, ಗಾಡಿ ಜಾಡು, ಮಾರ್ಕೋನಹಳ್ಳಿ ಜಲಾಶಯದ ಏರಿ, ಆಮೇಲೆ ನಾಲೆಯ ದಂಡೆ. ಬೆಳಕು ಹರಿಯುವಾಗ ಹೊರಟು ನಿಧಾನಕ್ಕೆ ನಡೆದರೆ ಅರ್ಧ ದಿನದ ದಾರಿ. ರಾಗಿ ಕೊಯ್ಲಿನ ಹೊತ್ತಿಗೆ ಹೋದರೆ ಇನ್ನೂ ಚೆಂದ, ಬದುಗಳು ಒಣಗಿರುತ್ತವೆ.

ತೋಂಟದ ಸಿದ್ಧಲಿಂಗರು ನಡೆದೂ ನಡೆದೂ ಈ ಸೀಮೆಗೆ ಬಂದವರು. ಹತ್ತಿರದ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ಮಗ್ಗುಲಿನ ತೋಟದಲ್ಲಿ ತಪಸ್ಸಿಗೆ ಕೂತಿದ್ದರಿಂದ ಹೆಸರಿನ ಹಿಂದೆ 'ತೋಂಟದ' ಸೇರಿತು. ಮೈಮೇಲೆ ಹುತ್ತ ಬೆಳೆಯಿತು, ಹಸು ಬಂದು ಆ ಹುತ್ತಕ್ಕೆ ಹಾಲು ಕರೆಯಿತು ಎಂಬ ಕಥೆಯನ್ನು ಈ ಸುತ್ತಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ಹರಕೆ ಹೊತ್ತವರು ದೂರದೂರಿಂದ ಇಲ್ಲಿಗೆ ಕಾಲ್ನಡಿಗೆಯಲ್ಲಿ ಬರುವುದು ಹಳೆಯ ರೂಢಿ. ಹೊಲಗಳ ನಡುವಿನ ಎಷ್ಟೋ ಕಾಲುದಾರಿಗಳನ್ನು ಸವೆಸಿ ಗಟ್ಟಿ ಮಾಡಿದ್ದು ಅಂಥ ಪಾದಗಳೇ ಎಂದು ನನ್ನ ನಂಬಿಕೆ.

ಊರು ದಾಟಿ ತೆಂಗಿನ ತೋಟಗಳ ನಡುವೆ ತೆಂಕಲಿಗೆ ತಿರುಗಿದರೆ ಹೆದ್ದಾರಿಯ ಸದ್ದು ಕಿವಿಯಿಂದ ಜಾರುತ್ತದೆ. ಹೊಂಗೆ ಸಾಲು, ಮೆದೆ ಒಟ್ಟಿದ ಕಣ, ತೆಂಗಿನ ಗರಿಯ ದಡಿ. ದಾರಿ ಕೇಳಿದರೆ ಇಲ್ಲಿನವರು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. 'ಹಿಂಗೇ ಹೋಗಿ, ಏರಿ ಸಿಕ್ತದೆ' ಅಂತಾರೆ. ನಿಜ, ಏರಿ ಸಿಗುತ್ತದೆ. ಮೊದಲು ಅದು ಉದ್ದಕ್ಕೆ ಮಲಗಿದ ಹುಲ್ಲುಗುಡ್ಡದ ಹಾಗೆ ಕಾಣುತ್ತದೆ. ಹತ್ತಿ ನಿಂತ ಮೇಲೆ ಆಚೆಗೆ ಬರೀ ನೀರು.

ಈ ನೀರು ಶಿಂಷೆಯದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ಸೀಮೆಯಲ್ಲಿ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿಗೆ ಇಳಿಯುತ್ತದೆ. ಮುಂದೆ ಮದ್ದೂರು, ಮಳವಳ್ಳಿಯ ಕಡೆ ಸಾಗಿ ಕಾವೇರಿಯನ್ನು ಸೇರುತ್ತದೆ. ಒಟ್ಟು 221 ಕಿಲೋಮೀಟರ್ ಪಯಣ. ಕಡಬದ ಕೆರೆಯನ್ನು ಲಂಕೆಯಿಂದ ಮರಳುತ್ತಿದ್ದ ಶ್ರೀರಾಮನೇ ಕಟ್ಟಿಸಿದ ಎಂದು ಆ ಕಡೆಯ ಜನ ಹೇಳುತ್ತಾರೆ. ಮಾರ್ಕೋನಹಳ್ಳಿಯ ಕಟ್ಟೆಗೆ ಪುರಾಣ ಬೇಕಿಲ್ಲ. ಇದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ನಡುವೆ 139 ಮೀಟರ್ ಕಲ್ಲುಕಟ್ಟಡ, ಎರಡೂ ಕಡೆಗೆ ಚಾಚಿದ 1,470 ಮೀಟರ್ ಮಣ್ಣಿನ ಏರಿ. ಮೇಲಿನ 4,103 ಚದರ ಕಿಲೋಮೀಟರ್ ನೆಲದ ಮೇಲೆ ಬಿದ್ದ ಮಳೆಯಲ್ಲಿ ಹಳ್ಳಿಹಳ್ಳಿಯ ಕೆರೆಗಳು ಹಿಡಿದಿಟ್ಟು ಉಳಿದದ್ದು ಇಲ್ಲಿಗೆ ಬರುತ್ತದೆ. ಮೇಲಿನ ಕೆರೆಗಳು ಕೋಡಿ ಬಿದ್ದ ವರ್ಷ ಇದೂ ತುಂಬುತ್ತದೆ, ಅವು ಬಿರುಕುಬಿಟ್ಟ ವರ್ಷ ಇದರ ತಳದಲ್ಲಿ ದನ ಮೇಯುತ್ತವೆ. ತುಂಬಿದಾಗ ಹಿಡಿಯುವುದು 2.4 ಟಿಎಂಸಿ. ಕನ್ನಂಬಾಡಿಯ ಮುಂದೆ ಇದು ಪುಟ್ಟ ಬೊಗಸೆ ಎನ್ನಬಹುದು. ಆದರೆ 15,000 ಎಕರೆ ಅಚ್ಚುಕಟ್ಟಿನ ಬದುಕನ್ನು ಇದೇ ಬೊಗಸೆ ನೋಡಿಕೊಳ್ಳಬೇಕು.

ಕಲ್ಲುಕಟ್ಟಡದ ಹತ್ತಿರ ಬಂದಾಗ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಮಾರ್ಕೋನಹಳ್ಳಿಯ ಹೆಸರನ್ನು ಎಂಜಿನಿಯರುಗಳ ಬಾಯಲ್ಲಿ ಉಳಿಸಿರುವುದು ಇಲ್ಲಿನ ಸೈಫನ್. ಗೇಟು ಎತ್ತುವವರಿಲ್ಲ, ಗುಂಡಿ ಒತ್ತುವವರಿಲ್ಲ, ವಿದ್ಯುತ್ತೂ ಬೇಡ. ನೀರು ಒಂದು ಮಟ್ಟ ಮೀರಿತೆಂದರೆ ಗುಮ್ಮಟದಂಥ ಮುಚ್ಚಳದ ಒಳಗಿನ ಕೊಳವೆಯ ಅಂಚು ದಾಟಿ ಕೆಳಕ್ಕೆ ಬೀಳತೊಡಗುತ್ತದೆ. ಬೀಳುವ ನೀರು ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ಬಾಯಿತುಂಬ ನೀರು ಹೀರುತ್ತದೆ. ಅಲ್ಲಿಯವರೆಗೆ ಜಿನುಗುತ್ತಿದ್ದದ್ದು ಒಮ್ಮೆಗೇ ಭೋರ್ಗರೆಯುತ್ತದೆ. ಜಲಾಶಯದ ಮಟ್ಟ ಇಳಿದು ಮುಚ್ಚಳದೊಳಕ್ಕೆ ಗಾಳಿ ನುಗ್ಗಿತೋ, ತಾನಾಗಿಯೇ ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಈ ತತ್ವಕ್ಕೆ ಸುರುಳಿಯ ವಿದ್ಯೆ ಸೇರಿಸಿದರು. ಕೊಳವೆಯ ಬಾಯಲ್ಲಿ ಬಾಗಿದ ರೆಕ್ಕೆಗಳನ್ನು ಕೂರಿಸಿದರೆ ನೀರು ಸುಳಿಯಾಗಿ ತಿರುಗಿ ಇಳಿಯುತ್ತದೆ, ಗಾಳಿಯನ್ನು ಬೇಗ ಹೊರದಬ್ಬುತ್ತದೆ. ಶರಾವತಿಯ ಹಿರೇಭಾಸ್ಕರ ಕಟ್ಟೆಯಲ್ಲಿಯೂ ಅವರ ಸೈಫನ್‌ಗಳಿದ್ದವು. ಲಿಂಗನಮಕ್ಕಿ ಆ ಕಟ್ಟೆಯನ್ನೇ ಮುಳುಗಿಸಿತು. ಇಲ್ಲಿನದು ಇಂದಿಗೂ ಕಣ್ಣೆದುರಿಗಿದೆ.

ಈ ಜಾಣ್ಮೆಯಲ್ಲೇ ಅಪಾಯವೂ ಇದೆ. ಸೈಫನ್ ಯಾರಿಗೂ ಹೇಳಿ ಶುರುವಾಗುವುದಿಲ್ಲ. 2025ರ ಅಕ್ಟೋಬರಿನಲ್ಲಿ ಕಟ್ಟೆಯ ಕೆಳಗೆ ನೀರಿಗಿಳಿದಿದ್ದ ಪ್ರವಾಸಿಗರು ದಿಢೀರನೆ ಏರಿದ ಹರಿವಿಗೆ ಸಿಕ್ಕಿ ಕೊಚ್ಚಿಹೋದರು. ಕಟ್ಟೆಯ ಕೆಳಗಿನ ಬಂಡೆಗಳು ಎಷ್ಟೇ ಒಣಗಿ ಕಾಣಲಿ, ಜಲಾಶಯ ತುಂಬಿದ ದಿನಗಳಲ್ಲಿ ಅಲ್ಲಿಗೆ ಇಳಿಯಲೇಬಾರದು. ಈ ದಾರಿ ಹಿಡಿಯುವವರಿಗೆ ನಾನು ಬೇಡಿಕೊಳ್ಳುವುದು ಇದೊಂದನ್ನು. ನೋಡುವುದಾದರೆ ಮೇಲೆಯೇ ನಿಂತು ನೋಡಿ.

ಏರಿ ಇಳಿದ ಮೇಲೆ ದಾರಿ ನಾಲೆಯ ಜೊತೆ ಸಾಗುತ್ತದೆ. ಇಲ್ಲಿಂದ ನೆಲದ ಬಣ್ಣವೇ ಬೇರೆ. ಬೆಳಿಗ್ಗೆಯಿಂದ ರಾಗಿ, ಹುರುಳಿ ನೋಡಿದ ಕಣ್ಣಿಗೆ ಗದ್ದೆಯ ಹಸಿರು, ಬೆಳ್ಳಕ್ಕಿ ಸಾಲು, ಅಡಿಕೆ, ಬಾಳೆ. ತೂಬಿನ ಹತ್ತಿರ ಒಬ್ಬರು ನೀರು ಕಟ್ಟುತ್ತಿದ್ದರು. ಗುದ್ದಲಿಯನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಬರಿಗಾಲಿನ ಹಿಮ್ಮಡಿಯಲ್ಲಿ ಕಾಲುವೆಯ ಕಟ್ಟೆ ಒದ್ದು ಬಾಯಿ ಬಿಡಿಸಿ, ಪಕ್ಕದ ಗದ್ದೆಯ ಬಾಯಿಗೆ ಅದೇ ಕಾಲಿನಿಂದ ಒಂದು ಹೆಂಟೆ ಮಣ್ಣು ತಳ್ಳಿ ಮೆಟ್ಟಿದರು. ನೀರು ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಮೇಲೆ ತಿರುಗಿತು. ಹೆಂಟೆಯ ಮೇಲೆ ಐದು ಬೆರಳ ಗುರುತು ಹಾಗೇ ಉಳಿಯಿತು. ಮಳೆ ಕೈಕೊಟ್ಟ ವರ್ಷ ಗೊರೂರಿನ ಹೇಮಾವತಿಯತ್ತ ಕಣ್ಣು ನೆಡುವ ಸೀಮೆ ಇದು. ಯಾವ ತಾಲ್ಲೂಕಿಗೆ ಎಷ್ಟು ನೀರು ಎಂಬ ಜಗಳ ತುಮಕೂರು ಜಿಲ್ಲೆಯಲ್ಲಿ ಇನ್ನೂ ಆರಿಲ್ಲ. ಆ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಇಂಥ ಹೆಂಟೆಯ ಮುಂದೆ.

ಒಂದೆರಡು ಕಡೆ ದಾರಿ ಕೈಕೊಡುತ್ತದೆ. ಬದು ಇದ್ದಲ್ಲಿ ತಂತಿಬೇಲಿ ಬಂದಿದೆ, ಗಾಡಿ ಜಾಡನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಗ್ರಾಮನಕಾಶೆ ತೆರೆದರೆ ಕಾಲುದಾರಿ, ಬಂಡಿದಾರಿಗಳು ಚುಕ್ಕೆಗೆರೆಗಳಾಗಿ ಇವೆ. ನೆಲದ ಮೇಲೆ ಮಾತ್ರ ಅಳಿಸಿಹೋಗುತ್ತಿವೆ. ನಕಾಶೆಯಲ್ಲಿರುವ ದಾರಿಗಳನ್ನು ಮುಚ್ಚಿದ್ದರೆ ತಹಶೀಲ್ದಾರರು ತೆರವು ಮಾಡಿಸಬೇಕೆಂದು 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಆದರೆ ಕಾಲುದಾರಿ ಸಾಯುವುದು ಬೇಲಿಯಿಂದ ಮಾತ್ರವಲ್ಲ, ಯಾರೂ ತುಳಿಯದಿದ್ದರೂ ಸಾಯುತ್ತದೆ. ಎರಡು ಮಳೆಗಾಲ ಕಾಲು ಬೀಳದಿದ್ದರೆ ಸಾಕು, ಲಂಟಾನ ಬಂದು ಕೂರುತ್ತದೆ. ಬೇಲಿ ಅಡ್ಡ ಬಂದಲ್ಲಿ ನಾನು ಕೂಗಿ ಕೇಳಿಯೇ ದಾಟಿದ್ದೇನೆ. ಬೇಡ ಎಂದವರು ಯಾರೂ ಇಲ್ಲ. 'ಮುಂಚೆ ನಮ್ಮಪ್ಪ ಎಡೆಯೂರು ಜಾತ್ರೆಗೆ ಹಿಂಗೇ ಹೋಗ್ತಿದ್ದ' ಎನ್ನುತ್ತ ಒಬ್ಬರು ತಾವೇ ತಂತಿ ಎತ್ತಿ ಹಿಡಿದರು, ನಾನು ಬಗ್ಗಿ ಆಚೆ ಹೋಗುವವರೆಗೂ.

ಅಲ್ಲಿಂದ ಮುಂದೆ ತೋಟಗಳು ತೆಳುವಾಗಿ ಮನೆಗಳು ಶುರುವಾಗುತ್ತವೆ. ಅಮೃತೂರಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಬಡಿಸಿದವರು ನನ್ನ ಕಾಲಿನ ಕೆಸರು ನೋಡಿ ಕೇಳಿದರು: 'ಏರಿ ಮೇಲಿಂದ ಬಂದ್ರಾ? ನೀರು ಎಷ್ಟಿದೆ?'