‘ಅವಗ ಮೊದಲೇ ರೋಗ ಇತ್ತಲ್ಲ?’: ಕೆಲಸದ ಮೇಲೆ ಸತ್ತವರ ಪರಿಹಾರ, ನೂರು ವರ್ಷದ ಒಂದು ವಾದ

ಇವತ್ತಿನ ಕಂತಿನಲ್ಲಿ ಒಂದು ಪ್ರಶ್ನೆಯ ಚರಿತ್ರೆ ಹೇಳ್ತೀನಿ. ಹಮಾಲಿ ಮಾಡ್ತಿದ್ದ ಒಬ್ಬ ಮನುಷ್ಯ ಚೀಲ ಹೊತ್ತಾಗಲೇ ಎದಿ ಹಿಡಕೊಂಡು ಬಿದ್ದ ಅಂತ ಇಟ್ಕೊಳ್ರಿ. ದವಾಖಾನಿ ಮುಟ್ಟೋದ್ರೊಳಗ ಜೀವ ಹೋತು. ಮನೆಯವರು ಪರಿಹಾರ ಕೇಳಿದಾಗ ಎದುರಿನ ಪಕ್ಷದಿಂದ ಬರುವ ಮಾತು ಹೆಚ್ಚಾಗಿ ಒಂದೇ: ‘ಅವಗ ಮೊದಲೇ ಹೃದಯದ ರೋಗ ಇತ್ತಲ್ಲ? ಮನ್ಯಾಗಿದ್ರೂ ಸಾಯ್ತಿದ್ದ.’ ಈ ಮಾತಿಗೆ ಕಾನೂನು ಯಾವ ಕಾಲಕ್ಕೆ ಏನು ಉತ್ತರ ಕೊಟ್ಟಿತು ಅನ್ನೋದನ್ನ ನೋಡೋಣ.

ನಮ್ಮೂರು ಅಳ್ನಾವರ. ಈ ಕತಿಗೆ ಇದು ಒಳ್ಳೆ ಜಾಗ, ಯಾಕಂದ್ರ ಈ ಊರು ಬೆಳೆದಿದ್ದೇ ರೈಲು ಮತ್ತು ಕಟ್ಟಿಗೆ ಮೇಲೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳಿ ಧಾರವಾಡ ದಾಟಿ ಲೋಂಡಾ, ಕ್ಯಾಸಲ್‌ರಾಕ್ ಘಟ್ಟದ ಕಡೆ ಹೋಯಿತು. ಮುಂದೆ ಅಳ್ನಾವರದಿಂದ ದಾಂಡೇಲಿ ಕಾಡಿನ ಕಡೆಗೂ ಒಂದು ಕವಲು ಹಳಿ ಬಂತು. ಮರ ಕಡಿಯೋರು, ದಿಮ್ಮಿ ಎತ್ತೋರು, ವ್ಯಾಗನ್ ತುಂಬೋರು ಎಲ್ಲಾ ಮೈಯಿಂದ ದುಡಿಯೋ ಮಂದಿ. ಹಳಿ ಹಾಕುವ ಆ ಕಾಲದಲ್ಲಿ ಕೂಲಿಕಾರ ಸತ್ತರೆ ಮನೆಯವರ ಕೈಯಲ್ಲಿದ್ದದ್ದು 1855ರ ಫೇಟಲ್ ಆ್ಯಕ್ಸಿಡೆಂಟ್ಸ್ ಕಾಯ್ದೆ. ಅದರಡಿ ಸಾವಿಗೆ ಮಾಲೀಕನ ತಪ್ಪು ಅಥವಾ ಅಲಕ್ಷ್ಯವೇ ಕಾರಣ ಅಂತ ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕಿತ್ತು. ದಿಮ್ಮಿ ಹೊರೋನ ವಿಧವೆ ರೈಲ್ವೆ ಕಂಪನಿ ಮೇಲೆ ದಾವೆ ಹಾಕೋದು ಅಂದ್ರ ಹೆಂಗ್ರಿ?

1923ರಲ್ಲಿ ಪರಿಸ್ಥಿತಿ ಬದಲಾಯಿತು. ಕೆಲಸಗಾರರ ಪರಿಹಾರ ಕಾಯ್ದೆ, ಅಂದ್ರ ವರ್ಕ್‌ಮೆನ್ಸ್ ಕಾಂಪೆನ್ಸೇಶನ್ ಆ್ಯಕ್ಟ್, ಬಂತು. 1924ರ ಜುಲೈ 1ರಿಂದ ಜಾರಿಯಾಯಿತು. ಈ ಕಾಯ್ದೆಯಲ್ಲಿ ಮಾಲೀಕನ ತಪ್ಪು ತೋರಿಸುವ ಅಗತ್ಯ ಇರಲಿಲ್ಲ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ, ಅಪಘಾತದಲ್ಲಿ ಗಾಯವಾಗಿದ್ದರೆ ಸಾಕು. ವಯಸ್ಕ ಕೆಲಸಗಾರ ಸತ್ತರೆ 30 ತಿಂಗಳ ಪಗಾರ ಅಥವಾ 2,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ತಿಂಗಳಿಗೆ 15 ರೂಪಾಯಿ ಪಗಾರ ಇದ್ದವನ ಮನೆಗೆ 450 ರೂಪಾಯಿ.

ಜಗಳ ಹುಟ್ಟಿದ್ದು ‘ಅಪಘಾತ’ ಅನ್ನೋ ಶಬ್ದದಲ್ಲಿ. ಯಂತ್ರಕ್ಕೆ ಕೈ ಸಿಕ್ಕರೆ ಅದು ಅಪಘಾತ, ಅನುಮಾನವಿಲ್ಲ. ಆದರೆ ಹೊರಗಿನ ಏಟು ಇಲ್ಲದೆ, ಒಳಗಿನ ಹೃದಯವೇ ನಿಂತರೆ? ಅದು ರೋಗವೋ, ಅಪಘಾತವೋ?

ನಮ್ಮ ಕಾಯ್ದೆಯ ಮುಖ್ಯ ಶಬ್ದಗಳು ಬ್ರಿಟನ್ನಿನ ಕಾಯ್ದೆಯಿಂದ ಬಂದವು. ಅಲ್ಲಿ ಈ ಪ್ರಶ್ನೆ 1910ರಲ್ಲೇ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಿತ್ತು. ಒಬ್ಬ ಕೆಲಸಗಾರ ಸ್ಪಾನರ್ ಹಿಡಿದು ನಟ್ ಬಿಗಿ ಮಾಡುತ್ತಿದ್ದ. ಅದು ದೊಡ್ಡ ಶ್ರಮದ ಕೆಲಸವೇನಲ್ಲ. ಆದರೆ ಅವನ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ ಮೊದಲೇ ಉಬ್ಬಿ ತೆಳುವಾಗಿತ್ತು, ಮಲಗಿದ್ದಾಗಲೂ ಒಡೆಯಬಹುದಾಗಿತ್ತು. ಅದು ಒಡೆದದ್ದು ನಟ್ ಬಿಗಿ ಮಾಡುವಾಗ. ಲಾರ್ಡ್ಸ್ ಬಹುಮತದಿಂದ ಪರಿಹಾರ ಕೊಡಿಸಿದರು. ಆರೋಗ್ಯವಂತನಿಗೆ ಏನೂ ಆಗದ ಕೆಲಸ ರೋಗಿಯ ಜೀವ ತೆಗೆದರೂ ಅದು ಕೆಲಸದಿಂದಾದ ಸಾವೇ ಎಂಬುದು ಅದರ ತಿರುಳು.

ಈಗ ನಮ್ಮ ಕಡೆ ಬರೋಣ. 1956ರ ನವೆಂಬರ್ 1ರ ತನಕ ಧಾರವಾಡ ಜಿಲ್ಲೆ ಮುಂಬೈ ಸರ್ಕಾರದ ಆಡಳಿತದಲ್ಲಿತ್ತು. ಅಳ್ನಾವರದ ಹಮಾಲನಿಗೂ ಮುಂಬೈ ಬಂದರಿನ ಹಮಾಲನಿಗೂ ಹೈಕೋರ್ಟ್ ಒಂದೇ. ಆ ಬಾಂಬೆ ಹೈಕೋರ್ಟಿನ ಒಂದು ತೀರ್ಪು 1954ರ ಲಾ ರಿಪೋರ್ಟಿನಲ್ಲಿ ಅಚ್ಚಾಗಿದೆ. ಬಾಂಬೆ ಪೋರ್ಟ್ ಟ್ರಸ್ಟಿನ ವಾಚ್‌ಮನ್ ಒಬ್ಬರು ಪಾಳಿಯಲ್ಲಿದ್ದಾಗ ಎದೆನೋವು ಬಂದು ತೀರಿಕೊಂಡಿದ್ದರು. ಅವರಿಗೆ ಹೃದ್ರೋಗ ಇದ್ದದ್ದು ನಿಜ. ಆದರೆ ಕೆಲಸದ ಆಯಾಸ ಆ ಹೃದಯದ ಮೇಲೆ ಬಿದ್ದೇ ಸಾವು ಬಂತು ಅಂತ ವೈದ್ಯರ ಸಾಕ್ಷ್ಯವೂ ಇತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಪೀಠ ನಿಯಮವನ್ನು ಸ್ಪಷ್ಟ ಮಾಡಿತು: ಸಾವಿಗೆ ಕೆಲಸ ಒಂದೇ ಕಾರಣ ಆಗಬೇಕಾಗಿಲ್ಲ. ರೋಗದ ಜೊತೆ ಕೆಲಸವೂ ಸೇರಿದ್ದರೆ, ಅಥವಾ ಬರಬೇಕಾದ ಸಾವನ್ನ ಕೆಲಸ ಬೇಗ ತಂದಿದ್ದರೆ, ಮಾಲೀಕ ಹೊಣೆ. ರೋಗ ಒಂದರಿಂದಲೇ ಸತ್ತಿದ್ದರೆ ಹೊಣೆ ಇಲ್ಲ.

ನೋಡ್ರಿ, ನಿಯಮ ಕೇಳಾಕ ಸರಳ ಐತಿ. ಕಷ್ಟ ಇರೋದು ಅದನ್ನ ತೋರಿಸೋದರಲ್ಲಿ. ಆಮೇಲೆ ಬಂದ ಸುಪ್ರೀಂ ಕೋರ್ಟಿನ ಮೂರು ತೀರ್ಪು ನೋಡಿದರೆ ಅದು ಗೊತ್ತಾಗುತ್ತೆ.

2006ರದ್ದು ನೆಲ್ಲೂರಿನ ಪ್ರಕರಣ. ಹೃದ್ರೋಗ ಇದ್ದ ಕೆಲಸಗಾರ ಕೆಲಸದ ಜಾಗದಲ್ಲೇ ಸತ್ತ. ಆದರೆ ಅವನ ಕೆಲಸ ಸ್ವಿಚ್ ಹಾಕೋದು, ತೆಗೆಯೋದು ಅಷ್ಟೇ, ಅದರಲ್ಲಿ ಆಯಾಸಕ್ಕೆ ಅವಕಾಶವೇ ಇಲ್ಲ ಅಂತ ವೈದ್ಯರು ಹೇಳಿದ್ದರು. ಪರಿಹಾರ ಸಿಗಲಿಲ್ಲ. ವಾಹನದ ಕ್ಲೀನರ್ ಒಬ್ಬರ ಸಾವಿನ ಪ್ರಕರಣದಲ್ಲೂ ಮನೆಯವರು ಸೋತರು. ಕೆಲಸದ ಮೇಲಿದ್ದಾಗ ಹೃದಯ ನಿಂತಿತು ಅನ್ನೋದಷ್ಟೇ ಸಾಲದು, ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ಇತ್ತು ಅಂತ ಸಾಕ್ಷ್ಯ ಬೇಕು ಅಂತ ಕೋರ್ಟ್ ಹೇಳಿತು. 2012ರ ಡಿಸೆಂಬರ್‌ನಲ್ಲಿ ಮಾತ್ರ ಲಾರಿ ಚಾಲಕನ ಮನೆಯವರು ಗೆದ್ದರು. ಆತ ದೆಹಲಿಯಿಂದ ಜಾರ್ಖಂಡಿನ ಕಡೆ ಸುಮಾರು 1,150 ಕಿ.ಮೀ. ಲಾರಿ ಓಡಿಸಿಕೊಂಡು ಬಂದಿದ್ದ. ಮೈ ಸರಿ ಇಲ್ಲ ಅನ್ನಿಸಿ ರಸ್ತೆ ಬದಿಗೆ ಗಾಡಿ ನಿಲ್ಲಿಸಿದ, ಕುಸಿದು ಬಿದ್ದ, ಬದುಕಲಿಲ್ಲ. ಅಷ್ಟು ದೂರ ಭಾರದ ಗಾಡಿ ಓಡಿಸಿದ ಒತ್ತಡವೇ ಕಾರಣ ಎಂದು ಕೋರ್ಟ್ ಒಪ್ಪಿತು.

ಈ ಮೂರರಲ್ಲೂ ಕೋರ್ಟು ತೂಗಿದ್ದು ಆ ಮನುಷ್ಯ ಎಂಥ ಕೆಲಸ ಮಾಡ್ತಿದ್ದ, ಆ ಕೆಲಸದ ಭಾರ ಸಾವಿಗೆ ಸೇರಿತ್ತೋ ಇಲ್ಲವೋ ಅನ್ನೋದನ್ನ. ರೋಗ ಇತ್ತು ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಲಿಲ್ಲ.

ಬೇರೆ ದೇಶದಲ್ಲಿ ಇದು ಹೆಂಗೈತಿ? ನೆದರ್‌ಲ್ಯಾಂಡ್ಸ್ ನೋಡ್ರಿ. ಗಾಯ ಮಾಡಿದವನು, ಗಾಯಗೊಂಡವನ ದುರ್ಬಲತೆಯಿಂದ ಹೆಚ್ಚಾದ ಹಾನಿಗೂ ಸಾಮಾನ್ಯವಾಗಿ ಹೊಣೆ ಅಂತ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಹೋಗೆ ರಾಡ್ 1985ರ ಫೆಬ್ರವರಿಯಲ್ಲಿ, ಮನೋವ್ಯಾಧಿಯ ಒಂದು ಪ್ರಕರಣದಲ್ಲಿ ಹೇಳಿತು. ಗುಣವಾಗಲು ತನ್ನಿಂದ ಆಗುವ ಪ್ರಯತ್ನವನ್ನ ಗಾಯಾಳುವೂ ಮಾಡಬೇಕು ಅಂತ ಸೇರಿಸಿತು. ಅಲ್ಲಿ ಚೌಕಾಸಿ ನಡೆಯೋದು ಹೆಚ್ಚಾಗಿ ಮೊತ್ತದ ಮೇಲೆ. ಅಪಘಾತ ಆಗದಿದ್ದರೂ ಆ ಹಳೆ ತೊಂದರೆ ಕೆಲ ವರ್ಷದ ನಂತರ ಈತನನ್ನ ಕೆಲಸ ಬಿಡಿಸುತ್ತಿತ್ತೇ ಅಂತ ಲೆಕ್ಕ ಹಾಕಿ, ಹೌದು ಅನ್ನಿಸಿದರೆ ಮುಂದಿನ ವರ್ಷಗಳ ಹಣ ಕಡಿಮೆ ಮಾಡಬಹುದು.

ನಮ್ಮ ಕೆಲಸಗಾರರ ಕಾಯ್ದೆಯಲ್ಲಿ ಸಾವಿನ ಪರಿಹಾರದ ಲೆಕ್ಕ ಪಗಾರ ಮತ್ತು ವಯಸ್ಸಿನ ಮೇಲೆ. ಬಿಪಿ ಇತ್ತು, ಶುಗರ್ ಇತ್ತು ಅಂತ ಕಳೆಯೋದಕ್ಕೆ ಆ ಸೂತ್ರದಲ್ಲಿ ಜಾಗವಿಲ್ಲ. ನಂಟು ಸಾಬೀತಾದರೆ ಪೂರ್ತಿ ಹಣ, ಆಗದಿದ್ದರೆ ಪೈಸಾ ಇಲ್ಲ. ಹಂಗಾಗಿ ಇಲ್ಲಿ ಹೋರಾಟವೆಲ್ಲ ಆ ನಂಟಿನ ಸುತ್ತಲೇ.

ನಮ್ಮ ಹಳ್ಳಿ ಕಡೆ ಮನೆಯವರು ಹಳೆ ದವಾಖಾನಿ ಚೀಟಿ ಮುಚ್ಚಿಡೋದನ್ನ ನಾನು ಕೇಳೀನಿ. ರೋಗ ಇತ್ತು ಅಂತ ಗೊತ್ತಾದ್ರ ರೊಕ್ಕ ಬರೋದಿಲ್ಲ ಅನ್ನೋ ಹೆದರಿಕೆ. ಚರಿತ್ರೆ ಹೇಳೋದು ಬೇರೇನೇ. ಮುಂಬೈ ವಾಚ್‌ಮನ್ನರ ಪ್ರಕರಣದಲ್ಲಿ ರೋಗ ಮುಚ್ಚಿಡಲಿಲ್ಲ. ಹೃದಯ ದುರ್ಬಲ ಇತ್ತು, ಅದರ ಮೇಲೆ ಕೆಲಸದ ಭಾರ ಬಿತ್ತು ಅಂತ ವೈದ್ಯರು ಹೇಳಿದ್ದಕ್ಕೇ ಮಾಲೀಕ ಹೊಣೆಯಾದ. ಹಳೆ ಚೀಟಿಯ ಜೊತೆಗೆ ಬೇಕಾದದ್ದು ಕೆಲಸದ ದಾಖಲೆ: ಆ ದಿನ ಎಷ್ಟು ತಾಸು ದುಡಿದರು, ಎಷ್ಟು ಭಾರ ಹೊತ್ತರು, ಎದಿನೋವು ಅಂತ ಯಾರ ಮುಂದೆ ಹೇಳಿದರು, ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಏನಿದೆ.

ಕಾಯ್ದೆಯ ಹೆಸರು 2010ರಲ್ಲಿ ನೌಕರರ ಪರಿಹಾರ ಕಾಯ್ದೆ ಅಂತಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಎಂಬ ಆ ಹಳೆ ಮಾತು ಅದರಲ್ಲೂ ಉಳಿದಿದೆ. 1954ರಲ್ಲಿ ನಮ್ಮೂರಿನವರು ಮೇಲ್ಮನವಿಗೆ ಮುಂಬೈಗೆ ಹೋಗಬೇಕಿತ್ತು. 2008ರಿಂದ ಹೈಕೋರ್ಟ್ ಪೀಠ ಧಾರವಾಡದಲ್ಲೇ ಐತಿ. ನಿಮ್ಮ ಓಣಿಯಲ್ಲಿ ಇಂಥ ಸಾವಾಗಿದ್ದರೆ ಆ ಮನೆಯವರಿಗೆ ಇಷ್ಟು ಹೇಳ್ರಿ: ಹಳೆ ಚೀಟಿ ಹರಿದು ಒಗಿಬ್ಯಾಡ್ರಿ, ವಕೀಲರಿಗೆ ತೋರಿಸ್ರಿ.