ಮೂರು ಬಣ್ಣದ ಬೆಕ್ಕು ಮತ್ತು ಚಿಕ್ಕಮ್ಮನ ಪ್ರಶ್ನೆ

ನಮ್ಮ ಹಿತ್ತಲಿಗೆ ದಿನಾ ಒಂದು ಬೆಕ್ಕು ಬರುತ್ತೆ. ಬಿಳಿ, ಕಪ್ಪು, ಕೇಸರಿ... ಯಾರೋ ಬಣ್ಣ ಎರಚಿದ ಹಾಗೆ ಮೈತುಂಬ ಮಚ್ಚೆ. ಇಂಥ ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಆಗಿರುತ್ತೆ, ಗೊತ್ತಾ? ಯಾಕೆ ಅಂತ ಹುಡುಕುತ್ತಾ ಹೋದವನಿಗೆ, ಲೂಪಸ್ ಕಾಯಿಲೆಯಿಂದ ಬಳಲುತ್ತಿರುವ ನನ್ನ ಚಿಕ್ಕಮ್ಮನ ಹಳೇ ಪ್ರಶ್ನೆಗೂ ಒಂದು ಎಳೆ ಸಿಕ್ಕಿತು. "ಈ ಕಾಯಿಲೆ ಹೆಂಗಸರಿಗೇ ಯಾಕೋ ಹೆಚ್ಚು?" ಅಂತ ಅವಳು ಕೇಳುತ್ತಿದ್ದಳು. ಲೂಪಸ್ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಕತೆ ಶುರುವಾಗುವುದೂ ಬೆಕ್ಕಿನಿಂದಲೇ. 1949ರಲ್ಲಿ ಕೆನಡಾದ ಮರ್ರಿ ಬಾರ್ ಮತ್ತು ಬರ್ಟ್ರಾಮ್ ಬೆಕ್ಕಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಹೆಣ್ಣು ಬೆಕ್ಕಿನ ಕೋಶಕೇಂದ್ರದಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆ ಕಂಡಿತು. ಅದು ಮುದುಡಿ ಕೂತ ಒಂದು ಎಕ್ಸ್ ವರ್ಣತಂತು ಎಂದು 1959ರಲ್ಲಿ ತೋರಿಸಿದ್ದು ಸುಸುಮು ಓನೋ ಮತ್ತು ಸಂಗಡಿಗರು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಇಲಿಗಳ ಮೈಮೇಲಿನ ಮಚ್ಚೆ ನೋಡಿ ಒಗಟು ಬಿಡಿಸಿದರು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಹಾಗಾಗಿ ಹೆಣ್ಣಿನ ಪ್ರತಿ ಜೀವಕೋಶವೂ ಭ್ರೂಣವಾಗಿದ್ದಾಗಲೇ ಒಂದು ಎಕ್ಸ್‌ನ ಬಾಯಿ ಮುಚ್ಚಿಸುತ್ತೆ. ಬೆಕ್ಕಿನ ಒಂದು ಎಕ್ಸ್‌ನಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಇದ್ದರೆ, ಎಲ್ಲಿ ಯಾವುದು ಸುಮ್ಮನಾಯಿತು ಎಂಬುದರ ಮೇಲೆ ಮಚ್ಚೆ. (ಬಿಳಿಯ ಲೆಕ್ಕ ಬೇರೆ.)

ಸರಿ, ಬಾಯಿ ಮುಚ್ಚಿಸುವುದು ಯಾರು? ಯಾವುದೋ ಪ್ರೋಟೀನ್ ಇರಬೇಕು ಅಂದುಕೊಳ್ಳುವುದು ಸಹಜವೇ ಆಗಿತ್ತು. ವಂಶವಾಹಿ ಅಂದರೆ ಪ್ರೋಟೀನಿನ ಅಡುಗೆ ಪುಸ್ತಕ, ಆರ್‌ಎನ್‌ಎ ಅಂದರೆ ಅದನ್ನು ಒಯ್ಯುವ ಚೀಟಿ. ನಾವು ಶಾಲೆಯಲ್ಲಿ ಕಲಿತದ್ದೂ ಅಷ್ಟೇ ಅಲ್ಲವೇ? ಪ್ರೋಟೀನಿನ ಸೂಚನೆ ಇಲ್ಲದ ಡಿಎನ್‌ಎಯೇ ನಮ್ಮಲ್ಲಿ ಬಹುಪಾಲು. ಅದಕ್ಕೆ 'ಜಂಕ್', ಅಂದರೆ ಗುಜರಿ, ಎಂಬ ಹೆಸರನ್ನು 1972ರಲ್ಲಿ ಜನಪ್ರಿಯಗೊಳಿಸಿದವರು ಅದೇ ಓನೋ!

1991ರಲ್ಲಿ ಕ್ಯಾರೊಲಿನ್ ಬ್ರೌನ್, ಹಂಟಿಂಗ್ಟನ್ ವಿಲ್ಲಾರ್ಡ್ ಮತ್ತು ಸಂಗಡಿಗರಿಗೆ ವಿಚಿತ್ರ ವಂಶವಾಹಿಯೊಂದು ಸಿಕ್ಕಿತು. ಸುಮ್ಮನಾದ ಎಕ್ಸ್‌ನಲ್ಲಿ ಮಾತ್ರ ಅದು ಎಚ್ಚರವಾಗಿತ್ತು. ಹೆಸರು ಎಕ್ಸಿಸ್ಟ್. ಅದರ ಆರ್‌ಎನ್‌ಎ ಸುಮಾರು 17,000 ಅಕ್ಷರ ಉದ್ದ, ಆದರೆ ಅದರಲ್ಲಿ ಪ್ರೋಟೀನಿನ ಸೂಚನೆ ಸಿಗಲಿಲ್ಲ. ಅದು ಕೋಶಕೇಂದ್ರ ಬಿಟ್ಟು ಹೊರಗೆ ಬರುವುದೂ ಇಲ್ಲ, ಆ ಕಪ್ಪು ಚುಕ್ಕೆಗೇ ಅಂಟಿಕೊಂಡಿರುತ್ತೆ ಎಂದು 1992ರಲ್ಲಿ ಪ್ರಕಟವಾಯಿತು. ಇದಿಲ್ಲದಿದ್ದರೆ ಎಕ್ಸ್ ಸುಮ್ಮನಾಗದು ಎಂದು 1996ರಲ್ಲಿ ಇಲಿಯ ಜೀವಕೋಶಗಳಲ್ಲಿ ಖಚಿತವಾಯಿತು. ಚೀಟಿ ಅಂದುಕೊಂಡಿದ್ದೇ ಕೆಲಸಗಾರ!

ಪ್ರೋಟೀನ್ ಮಾಡದ, 200 ಅಕ್ಷರಕ್ಕಿಂತ ಉದ್ದದ ಇಂಥವನ್ನು ಲಾಂಗ್ ನಾನ್-ಕೋಡಿಂಗ್ ಆರ್‌ಎನ್‌ಎ ಎನ್ನುತ್ತಾರೆ. ಈಗ ಪಟ್ಟಿಯಲ್ಲಿ ಸಾವಿರಾರು ಇವೆ. 2007ರಲ್ಲಿ ಸಿಕ್ಕ ಹಾಟೇರ್ ಎಂಬುದು ಹೆಚ್ಚಾಗಿದ್ದರೆ ಸ್ತನ ಕ್ಯಾನ್ಸರ್ ಹರಡುವ ಸಾಧ್ಯತೆ ಹೆಚ್ಚು ಎಂದು 2010ರ ಅಧ್ಯಯನ ಹೇಳಿತು. ಹಾಗಂತ ಎಲ್ಲಕ್ಕೂ ಕೆಲಸವಿದೆ ಎಂದು ನಂಬಬೇಡಿ. ಎಷ್ಟೋ ಬರೀ ಗದ್ದಲವೂ ಇರಬಹುದು. ಓನೋ ಪೂರ್ತಿ ತಪ್ಪಿರಲಿಲ್ಲ. ಆದರೆ 'ಗುಜರಿ' ಎಂದು ಹೆಸರಿಟ್ಟ ಮೇಲೆ ಅದನ್ನು ಕೆದಕಿ ನೋಡುವವರು ಕಡಿಮೆಯಾಗುತ್ತಾರೆ, ಅಷ್ಟೇ.

2013ರಲ್ಲಿ ಅಮೆರಿಕದ ಜೀನ್ ಲಾರೆನ್ಸ್ ತಂಡ ಡೌನ್ ಸಿಂಡ್ರೋಮ್ ಇದ್ದವರಿಂದ ಪಡೆದ ಜೀವಕೋಶಗಳಲ್ಲಿ, ಹೆಚ್ಚಿಗೆ ಇರುವ 21ನೇ ವರ್ಣತಂತುವಿಗೆ ಎಕ್ಸಿಸ್ಟ್ ಸೇರಿಸಿ ಅದನ್ನೂ ಸುಮ್ಮನಾಗಿಸಿತು. ಇದೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ, ಮನುಷ್ಯರಲ್ಲಲ್ಲ. 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಗಂಡು ಇಲಿಗಳಲ್ಲಿ ಎಕ್ಸಿಸ್ಟ್ ತಯಾರಾಗುವಂತೆ ಮಾಡಿ, ಲೂಪಸ್‌ನಂಥ ಕಾಯಿಲೆ ತರುವ ರಾಸಾಯನಿಕ ಕೊಟ್ಟರು. ಅವುಗಳ ಕಾಯಿಲೆ ಹೆಣ್ಣಿಲಿಗಳ ಮಟ್ಟಕ್ಕೆ ಹತ್ತಿರವಾಯಿತು. ಎಕ್ಸಿಸ್ಟ್‌ಗೆ ಅಂಟಿಕೊಂಡ ಪ್ರೋಟೀನುಗಳನ್ನು ದೇಹವೇ ಶತ್ರು ಎಂದುಕೊಳ್ಳುತ್ತದೆಯಂತೆ. ಪೂರ್ತಿ ಕಾರಣ ಇದೊಂದೇ ಅಲ್ಲ, ಆದರೆ ದೊಡ್ಡ ಸುಳಿವು.

ಚಿಕ್ಕಮ್ಮನಿಗೆ ಇದೆಲ್ಲ ಹೇಳಿದೆ. "ಔಷಧಿ ಬಂತಾ?" ಅಂದಳು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ ಬಿಡು, ನನ್ನ ತಪ್ಪಲ್ಲ ಅಂತಾದರೂ ಗೊತ್ತಾಯಿತಲ್ಲ" ಅಂದಳು. ಇಷ್ಟು ವರ್ಷ ಅವಳು ಹಾಗಂದುಕೊಂಡಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ...